ಬರಲೇಬೇಕಾಗಿದ್ದ ಎರರ್

ಆ ಸೈರನ್ ಈಗಲೂ ನನ್ನ ಕಿವಿಯಿಂದ ಹೋಗಿಲ್ಲ. ರಸ್ತೆಯಲ್ಲಿ ಬಸ್ಸು ಜೋರಾಗಿ ಹಾರ್ನ್ ಹೊಡೆದರೂ ಮೂಗಿಗೆ ಅಮೋನಿಯ ಬಡಿದಂತಾಗುತ್ತದೆ.

ಮಂಗಳೂರಿನಲ್ಲಿ ಹೊಳೆಯಾಚೆಯ ಬೆಂಗ್ರೆಯ ಒಂದು ಐಸ್ ಪ್ಲಾಂಟಿಗೆ ಕೊಡಿಯಾಲ್‌ಬೈಲಿನ ನಮ್ಮ ಸಣ್ಣ ಆಫೀಸಿನಿಂದ ಪ್ರೋಗ್ರಾಂ ಬರೆದುಕೊಟ್ಟಿದ್ದೆವು. ಐಸ್ ಮಾಡುವ ಯಂತ್ರದೊಳಗೆ ಅಮೋನಿಯ ಎಂಬ ವಿಷಾನಿಲ ಓಡುತ್ತದೆ; ಒತ್ತಡ ಮಿತಿ ಮೀರಿದರೆ ಹೊರಗೆ ಸಿಡಿಯುತ್ತದೆ. ಅದರ ಒತ್ತಡವನ್ನು ಒಂದು ಸೆನ್ಸರ್ ಅಳೆದು ಪ್ರೋಗ್ರಾಮಿಗೆ ತಿಳಿಸುತ್ತದೆ. ಸೆನ್ಸರಿನಿಂದ ಏನೂ ಬಾರದಿದ್ದರೆ ಪ್ರೋಗ್ರಾಂ ಊಹಿಸಬಾರದು. ‘ಸೆನ್ಸರ್ ಇಲ್ಲ’ ಎಂಬ ಎರರ್ ಕೊಟ್ಟು, ಯಂತ್ರ ನಿಲ್ಲಿಸಿ, ಸೈರನ್ ಕೂಗಿಸಬೇಕು.

ಈ ಎರರ್ ಬರುತ್ತದೆಯೇ ಎಂದು ನೋಡುವ ಟೆಸ್ಟ್ ಬರೆದದ್ದು ನನ್ನ ಪಕ್ಕದಲ್ಲಿ ಕೂರುವ ಸಹೋದ್ಯೋಗಿ. ಖಾಲಿ ರೀಡಿಂಗ್ ಕೊಟ್ಟಳು, ಎರರ್ ಬಂತು, ಪರದೆಯಲ್ಲಿ ಹಸಿರು ಗುರುತು ಮೂಡಿತು. ಊಟದ ಹೊತ್ತು. ಅವಳು ಮಾತ್ರ ಏಳಲಿಲ್ಲ.

“ಪಾಸಾಯ್ತಲ್ಲ ಮಾರಾಯ್ತಿ, ಇನ್ನೆಂತ ಬೇಕು?” ಎಂದೆ.

“ಎರರ್ ಬಂದದ್ದು ಹೌದು. ಯಾವ ಎರರ್?”

ತೆಗೆದು ನೋಡಿದರೆ, ಸೆನ್ಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವಳ ಕಂಪ್ಯೂಟರಿನಲ್ಲಿ ಸೆಟ್ಟಿಂಗಿನ ಫೈಲ್ ಇಲ್ಲದ್ದಕ್ಕೆ ಪ್ರೋಗ್ರಾಂ ಬಾಗಿಲಲ್ಲೇ ಎಡವಿತ್ತು. ಯಾವ ಎರರಾದರೂ ಸರಿ ಎಂದು ಟೆಸ್ಟ್ ಒಪ್ಪಿಕೊಂಡಿತ್ತು. ಅವಳು ಫೈಲ್ ಹಾಕಿ, ‘ಸೆನ್ಸರ್ ಇಲ್ಲ’ ಎಂಬ ಎರರ್ ಬಂದರೆ ಮಾತ್ರ ಪಾಸು ಎಂದು ಟೆಸ್ಟನ್ನು ಬಿಗಿ ಮಾಡಿದಳು. ಕೂಡಲೇ ಕೆಂಪು. ನಮ್ಮ ಪ್ರೋಗ್ರಾಂ ಖಾಲಿ ರೀಡಿಂಗನ್ನು ಸೊನ್ನೆ ಎಂದು ಓದುತ್ತಿತ್ತು. ಒತ್ತಡ ಸೊನ್ನೆ ಎಂದರೆ ಹೆದರಿಕೆ ಇಲ್ಲ, ಯಂತ್ರ ಓಡಲಿ ಎಂದರ್ಥ. ಅದನ್ನು ಸರಿಪಡಿಸಿಯೇ ಪ್ಲಾಂಟಿಗೆ ಕೊಟ್ಟೆವು.

ಕೆಲವು ವಾರಗಳ ಬಳಿಕ ನಾನು ಫೆರಿಯಲ್ಲಿ ಬೆಂಗ್ರೆಗೆ ಹೋಗಿ, ಯಂತ್ರದ ಕೋಣೆಯಲ್ಲಿ ಆಪರೇಟರ್ ಜೊತೆ ನಿಂತಿದ್ದೆ. ಅಮೋನಿಯವನ್ನು ತಣಿಸಿ ಒತ್ತಡ ಇಳಿಸುವ ತಂಪು ನೀರಿನ ಪೈಪು ಒಡೆದು ನೀರು ಸೆನ್ಸರಿನ ಮೇಲೆಯೇ ರಾಚಿತು, ಸೆನ್ಸರ್ ಕೆಟ್ಟು ರೀಡಿಂಗ್ ನಿಂತುಹೋಯಿತು. ಯಂತ್ರ ನಿಂತಿತು, ಸೈರನ್ ಕೂಗಿತು.

“ನಿಮ್ಮ ಕಂಪ್ಯೂಟರಿಗೆ ಮರ್ಲಾ, ಹುಚ್ಚಾ? ಹೊರಗೆ ಬೋಟಿನವರು ಐಸಿಗೆ ಕಾಯ್ತಾ ಇದ್ದಾರೆ!” ಎಂದು ಆಪರೇಟರ್ ಸ್ಟಾರ್ಟ್ ಬಟನ್ ಒತ್ತಿದ. ಯಂತ್ರ ಅಲುಗಲಿಲ್ಲ. ಮತ್ತೆ ಒತ್ತಿದ.

ಆಗ ಗೋಡೆಯಲ್ಲಿ ಒತ್ತಡ ತೋರಿಸುವ ಹಳೆಯ ಗೇಜಿನ ಮುಳ್ಳು ಕಣ್ಣಿಗೆ ಬಿತ್ತು. ಅದು ಕೆಂಪು ಗೆರೆ ದಾಟಿತ್ತು. ಎಲ್ಲಿಂದಲೋ ಖಾರವಾದ ವಾಸನೆ. ಅವನೂ ನೋಡಿದ. ಐಸ್ ಹೊರುತ್ತಿದ್ದವರನ್ನೆಲ್ಲ ಕೂಗಿ ಕರೆಯುತ್ತಾ ಗಾಳಿಗೆ ಎದುರಾಗಿ ಓಡಿದೆವು.

ಹೊರಗೆ ಮರಳಿನ ಮೇಲೆ ಕೂತು ಕೆಮ್ಮಿದೆವು. ಯಾರಿಗೂ ಏನೂ ಆಗಿರಲಿಲ್ಲ. ಯಂತ್ರ ಓಡುತ್ತಲೇ ಇದ್ದಿದ್ದರೆ ಎಂಬುದನ್ನು ಮನಸ್ಸು ಆಗಲೇ ತೋರಿಸತೊಡಗಿತ್ತು. ಈಗಲೂ ತೋರಿಸುತ್ತದೆ.

“ನಾನು ಒತ್ತಿದ್ರೂ ಅದು ಕೇಳಲಿಲ್ಲ ಅಲ್ಲವಾ?” ಆಪರೇಟರ್ ಮುಖ ಒರೆಸಿಕೊಂಡ. “ಅಷ್ಟು ಹಟ ಅದಕ್ಕೆ ಕಲಿಸಿದ್ದು ಯಾರು?”

“ನಮ್ಮ ಆಫೀಸಿನ ಒಬ್ಬಳು” ಎಂದೆ. ನನ್ನ ಪದವಿಯ ಬಗ್ಗೆ ಹೇಳುವಾಗಲೂ ಅಷ್ಟು ಜಂಬದಿಂದ ಹೇಳಿದವನಲ್ಲ ನಾನು.