ಅಂಗಾಲು ನೋಡುವ ಹೂವಪ್ಪ

ಸವಣೂರಿನ ಬಯಲಿನಲ್ಲಿ ಫುಟ್ಬಾಲ್ ಆಟವಿದ್ದ ದಿನ ಹೂವಪ್ಪ ಎಲ್ಲರಿಗಿಂತ ಮೊದಲು ಬೇವಿನ ಕಟ್ಟೆಗೆ ಬಂದು ಕೂಡುತ್ತಾನೆ. ಯಾರು ಆಡಬೇಕು, ಯಾರು ಬೇಡ ಎಂದು ಕಟ್ಟೆಯ ಮಂದಿ ಜಗಳಾಡುವಾಗ ಅವನು ಗೋಲು ಹೊಡೆದವರ ಮಾತೇ ಎತ್ತುವುದಿಲ್ಲ. ಬರಿಗಾಲಲ್ಲಿ ಆಡುವವರನ್ನು ಒಬ್ಬೊಬ್ಬರಾಗಿ ಕರೆದು, ಅಂಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಧೋತರದ ಚುಂಗಿನಿಂದ ಮಣ್ಣು ಒರೆಸಿ ನೋಡುತ್ತಾನೆ. ಮುಳ್ಳು ಚುಚ್ಚಿದ ಗುರುತು ಕಂಡರೂ ಸಾಕು, “ಈ ಕಾಲು ಇವತ್ತ ಬ್ಯಾಡ್ರಿ” ಎನ್ನುತ್ತಾನೆ. “ನಮ್ಮ ಗೋಲು ಹೊಡ್ಯಾಂವ ಖಾದರ ಇಲ್ದ ಶಿಗ್ಗಾಂವಿಯವರ ಮುಂದ ಹೆಂಗ ನಿಂದರೂದೋ ಮಾರಾಯ? ಆಟಗಾರನ್ನ ಆರಿಸಾಕತ್ತೀಯೋ, ಎತ್ತು ಕೊಳ್ಳಾಕತ್ತೀಯೋ?” ಎಂದು ಗೆಳೆಯ ನಾಗಪ್ಪ ಕೆಣಕುತ್ತಾನೆ. “ಸೋತ್ರ ಸೋಲೂಣಂತ ನಾಗಪ್ಪ. ಇಂವಾ ಆರಾಮ ಮನಿಗೆ ಹೋಗ್ಲಿ.” ಸೋತ ಮೇಲೆ ಎಲ್ಲರೂ ಅವನನ್ನೇ ಬಯ್ಯುತ್ತಾರೆ. ಹೆಂಡತಿ ಮಂಜವ್ವ ಮಾತ್ರ ಅವನನ್ನು ಕರೆದು ಬಿಸಿ ರೊಟ್ಟಿ ಬಡಿಸುತ್ತಾಳೆ. ಅವರ ಒಬ್ಬನೇ ಮಗನ ಅಂಗಾಲಿಗೆ ಎತ್ತಿನ ಲಾಳದ ಮೊಳೆ ಚುಚ್ಚಿದ್ದಾಗ, ಇದೇ ಕಟ್ಟೆಯ ಮೇಲೆ ಕೂತು, “ಅಷ್ಟಕ್ಕ ಏನಾಗ್ತೈತಿ, ಆಡ್ಲಿ ಬಿಡ್ರಿ” ಎಂದವನು ಹೂವಪ್ಪನೇ. ಮಗ ಅಂದು ಎರಡು ಗೋಲು ಹೊಡೆದ. ಆಮೇಲೆ ಧನುರ್ವಾಯು ಬಂದು ಸತ್ತ. ಆ ಎರಡು ಗೋಲುಗಳನ್ನು ಕಟ್ಟೆಯ ಮಂದಿ ಇನ್ನೂ ಹೊಗಳುತ್ತಾರೆ. ಆಗ ಹೂವಪ್ಪ ಮುಂದೆ ಕೂತ ಆಟಗಾರನಿಗೆ, “ಆ ಕಾಲೂ ತೋರ್ಸಪಾ” ಎನ್ನುತ್ತಾನೆ.