ಕನ್ನಡಿ ಇಟ್ಟುಕೊಳ್ಳದ ಕೆತ್ತನೆಗಾರ

ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಯ ಗೋಡೆಯ ಮೇಲೆ ಹದಿನಾಲ್ಕು ಮಂದಿ ಫ್ರೆಂಚ್ ಲೇಖಕರಿದ್ದಾರೆ. ಎಲ್ಲ ಹತ್ತೊಂಬತ್ತನೇ ಶತಮಾನದವರು. ತಾಮ್ರದ ತಗಡಿನಲ್ಲಿ ಕೆತ್ತಿ, ಪುಸ್ತಕದ ಮೊದಲ ಪುಟಕ್ಕೆಂದು ಅಚ್ಚೊತ್ತಿದ ಮುಖಗಳು. ಕೂಡಿಸಿದವರು ನನ್ನ ಗಂಡ. ಪಸಡೀನಾದಲ್ಲಿ ಎಂಜಿನಿಯರ್ ಆಗಿದ್ದ ಅವರಿಗೆ ಫ್ರೆಂಚ್ ಒಂದಕ್ಷರ ಬರುತ್ತಿರಲಿಲ್ಲ. ಬೇಕಾಗಿದ್ದದ್ದು ಗೆರೆಗಳು. ಒಂದು ಕೆನ್ನೆಯ ನೆರಳನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಭಾನುವಾರ ಕಳೆಯುತ್ತಿದ್ದರು. ಕೋವಿಡ್‌ನ ಎರಡನೇ ವರ್ಷ ಹೋಗಿಬಿಟ್ಟರು.

ಅವುಗಳಲ್ಲಿ ಒಬ್ಬ ಕಾದಂಬರಿಕಾರನವೇ ಎರಡು ಚಿತ್ರಗಳಿವೆ. ಒಂದರಲ್ಲಿ ಬೈತಲೆ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ.

“ಈ ಎರಡನೆಯದನ್ನ ಕೆತ್ತಿದೋನು ಸೋಮಾರಿ ಕಣೇ,” ಎನ್ನುತ್ತಿದ್ದರು. “ಫೋಟೋ ಹೇಗಿತ್ತೋ ಹಾಗೇ ತಗಡಿಗೆ ಇಳಿಸಿದಾನೆ. ಒತ್ತಿದ್ಮೇಲೆ ಎಲ್ಲ ಉಲ್ಟಾ. ಬುದ್ಧಿ ಇರೋನು ಕನ್ನಡೀಲಿ ನೋಡ್ಕೊಂಡು ಕೆತ್ತುತಿದ್ದ.”

ಕಳೆದ ತಿಂಗಳು ಧೂಳು ಒರೆಸುವಾಗ ಆ ಮಾತು ನೆನಪಾಗಿ ಕೈ ನಿಂತಿತು. ನಕ್ಕಾಗ ಅವರ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಯಾವ ಕೆನ್ನೆ?

ಹಳೆಯ ಫೋಟೋಗಳಲ್ಲಿ ಅವರು ನಕ್ಕೇ ಇಲ್ಲ, ಪಾಸ್‌ಪೋರ್ಟಿಗೆ ನಿಂತಂತೆ ನಿಂತಿದ್ದಾರೆ. ನಗುವಿರುವುದು ಕೊನೆಯ ವರ್ಷದ ಸೆಲ್ಫಿಗಳಲ್ಲಿ. ಕೆಲವುಗಳಲ್ಲಿ ಗುಳಿ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ. ಸೆಲ್ಫಿಯನ್ನು ಕೆಲವೊಮ್ಮೆ ಉಲ್ಟಾ ಮಾಡಿಡುವ ಫೋನೂ ಆ ಸೋಮಾರಿಯ ವಂಶದ್ದೇ.

ಯೂನಿವರ್ಸಿಟಿ ಸಿಟಿಯಲ್ಲಿರುವ ಮಗಳಿಗೆ ಫೋನ್ ಮಾಡಿ ಕೇಳಿದೆ.

“ಲೆಫ್ಟ್, ಅಮ್ಮ. ವೇಟ್, ಹಿಸ್ ಲೆಫ್ಟ್ ಆರ್ ಮೈ ಲೆಫ್ಟ್?”

“ಅಪ್ಪಂದು ಕಣೆ.”

“ದೆನ್ ಐ ಡೋಂಟ್ ನೋ. ಆರ್ ಯೂ ಕ್ರೈಯಿಂಗ್?”

“ಧೂಳು.”

ಮೂವತ್ತೆಂಟು ವರ್ಷ ಎದುರಿಗಿದ್ದ ಮುಖ. ಇದೇ ಗೊತ್ತಿಲ್ಲವೆಂದರೆ ಡೈರಿಯಲ್ಲಿ ನಾನು ಅವರ ಬಗ್ಗೆ ಬರೆದಿಟ್ಟದ್ದನ್ನೆಲ್ಲ ಹೇಗೆ ನಂಬಲಿ?

ಎರಡು ದಿನ ಬಿಟ್ಟು ಕಾರು ನೆನಪಾಯಿತು. ಮಗಳ ಊರಿಗೆ ಹೋಗುವಾಗ ಅವರು ಎಡಕ್ಕೆ ಕೂತು ಡ್ರೈವ್ ಮಾಡುತ್ತಿದ್ದರು, ನಾನು ಬಲಕ್ಕೆ ಕೂರುತ್ತಿದ್ದೆ. ನನ್ನ ಕಡೆಯ ಕೆನ್ನೆ ನಕ್ಕರೂ ನುಣ್ಣಗೇ ಇರುತ್ತಿತ್ತು. ಸಿಗ್ನಲ್ಲಿನಲ್ಲಿ ಏನಾದರೂ ತಲೆಹರಟೆ ಮಾತಾಡಿ ಅವರು ಪೂರ್ತಿ ನನ್ನತ್ತ ತಿರುಗುವಂತೆ ಮಾಡುತ್ತಿದ್ದೆ. ಆಗ ಗುಳಿ ಕಾಣುತ್ತಿತ್ತು. ಹಾಗಾದರೆ ಎಡಗೆನ್ನೆ.

ಉತ್ತರ ಬೇಕೆಂಬ ಆಸೆಗೆ ಈ ನೆನಪನ್ನು ಈಗ ಕಟ್ಟಿಕೊಂಡೆನೇ? ಆ ಅನುಮಾನವನ್ನೂ ಬರೆದಿಟ್ಟಿದ್ದೇನೆ.

ಆದರೆ ಮೊನ್ನೆ ಮಗಳ ಕಾರು ಸಿಗ್ನಲ್ಲಿನಲ್ಲಿ ನಿಂತದ್ದೇ ತಡ, ಯೋಚಿಸುವ ಮೊದಲೇ ನನ್ನ ಬಾಯಿಂದ ಒಂದು ತಲೆಹರಟೆ ಹೊರಬಿತ್ತು. ಅವಳು ನಗುತ್ತಾ ನನ್ನ ಕಡೆ ತಿರುಗಿದಳು. ಅವಳಿಗೆ ಗುಳಿ ಬೀಳುವುದಿಲ್ಲ.