ದಾಸನ ಮೂಗಿನ ಮೂಲ

ಕಡಲತಡಿಯ ಬಾಡ ಎಂಬ ಊರಿನ ಸೌಜನ್ಯಾ ಕುಮಟಾದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಬಿಡುವಿನಲ್ಲಿ ಅವಳಿಗೊಂದು ಸಂಬಳವಿಲ್ಲದ ಗೀಳು: ಯಾರೋ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟ ತಂತ್ರಾಂಶಗಳನ್ನು ಯಾರ ಕಂಪ್ಯೂಟರಿನಲ್ಲಾದರೂ, ಫೋನಿನಲ್ಲಾದರೂ ಕೂರುವಂತೆ ಪೊಟ್ಟಣ ಕಟ್ಟಿ, ಸ್ವಯಂಸೇವಕರ ಬಳಗಕ್ಕೆ ಒಪ್ಪಿಸುವುದು. ಬಳಗದ ನಿಯಮ ಕಟ್ಟುನಿಟ್ಟು. ಪೊಟ್ಟಣದೊಳಗಿನ ಪ್ರತಿಯೊಂದಕ್ಕೂ ಓದಬಲ್ಲ ಮೂಲ, ಅಂದರೆ ಅದನ್ನು ಬರೆದ ಕೋಡ್, ಇರಬೇಕು. ಎಲ್ಲೋ ತಯಾರಾಗಿ ಬಂದ, ಬಿಚ್ಚಿ ನೋಡಲಾಗದ ಫೈಲು ನಡೆಯದು. ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತಾರೆ. ಸೌಜನ್ಯಾ ಅವನ್ನೂ ಕೇಳುವವಳೇ. ಹೊನ್ನಾವರದ ಭಾಸ್ಕರನ ಪೊಟ್ಟಣವನ್ನು ಇಂಥದೇ ಫೈಲಿಗಾಗಿ ಮೂರು ಸಲ ಹಿಂದಕ್ಕೆ ಕಳಿಸಿದ್ದಳು.

ಈಗ ಪೊಟ್ಟಣ ಅವಳದು, ಪರೀಕ್ಷಿಸುವ ಸರದಿ ಭಾಸ್ಕರನದು. ಸಮುದ್ರದ ಉಬ್ಬರದ ಹೊತ್ತು ಹೇಳುವ ತಂತ್ರಾಂಶ. ಲೆಕ್ಕ ಹಾಕುವ ಭಾಗ ಮಾತ್ರ ತಯಾರು ಫೈಲು, ಅದನ್ನು ಬರೆದವನ ಪತ್ತೆಯಿಲ್ಲ.

"ಸೌಜನ್ಯಕ್ಕ, ಇದರ ಮೂಲ ಎಲ್ಲಿ ಅದೆ? ಭಾನುವಾರದೊಳಗೆ ಬರದಿದ್ರೆ ಪೊಟ್ಟಣ ಹೊರಗೆ," ಎಂದು ಭಾಸ್ಕರ ಫೋನಿನಲ್ಲಿ ಸಕ್ಕರೆ ಸುರಿಸಿದ. ಅವಳಿಗೆ ಮೈಯೆಲ್ಲ ಉರಿಯಿತು. ಯಾರೆದುರು ಸೋತರೂ ಇವನೆದುರು ಸೋಲಬಾರದು!

ಲೆಕ್ಕವನ್ನು ತಾನೇ ಬರೆಯುವುದೆಂದು ಹಟ ಹಿಡಿದಳು. ಬಲ್ಲವನು ಮನೆಯಲ್ಲೇ ಇದ್ದ, ಅಪ್ಪ ದಾಸ. ನಲವತ್ತು ವರ್ಷಗಳಿಂದ ದೋಣಿಯವರು ಉಬ್ಬರದ ಹೊತ್ತು ಕೇಳುವುದು ಅವನನ್ನೇ. ಅವನು ಕಣ್ಣು ಮುಚ್ಚಿ, ಗಾಳಿ ಮೂಸಿ ಹೇಳುತ್ತಾನೆ.

"ಅಪ್ಪಾ, ಅದರ ಲೆಕ್ಕ ಎಂತ?"

"ಲೆಕ್ಕ ಎಂತದೂ ಇಲ್ಲ. ಮೂಗು ಬೇಕು."

ಅಪ್ಪನೂ ಬಿಚ್ಚಲಾಗದ ಫೈಲೇ!

ಮೀನು ಹೆಚ್ಚುತ್ತಿದ್ದ ಅವ್ವ ಗಂಗೆಗೆ ನಗು ತಡೆಯಲಾಗಲಿಲ್ಲ. "ಮೂಗಂತೆ ಮೂಗು! ಬೆಳಿಗ್ಗೆ ಎದ್ದವ್ರೇ ಕದ್ದು ಪಂಚಾಂಗ ನೋಡ್ತಾರೆ. ಅಮಾಸೆಗೆ ಹನ್ನೊಂದು ಗಂಟೆ, ಮುಂದೆ ತಿಥಿಗೊಂದು ಮುಕ್ಕಾಲು ತಾಸು ಕೂಡಿಸೂದು. ಹುಣ್ಣಿಮೆಗೆ ಮತ್ತೆ ಹನ್ನೊಂದು. ನಂಗೂ ಬರ್ತದೆ."

"ಇನ್ನು ನನ್ನ ಯಾರು ಕೇಳ್ತಾರೆ?" ದಾಸ ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದ. ಸೌಜನ್ಯಾಗೆ ಅಯ್ಯೋ ಅನಿಸಿತು. ಆದರೂ ಬರೆದಳು. ತಯಾರು ಫೈಲಿಗೂ ಇದಕ್ಕೂ ಕೆಲವು ನಿಮಿಷಗಳ ವ್ಯತ್ಯಾಸ ಬರುತ್ತಿತ್ತು, ಅಷ್ಟೇ. ಆ ಫೈಲನ್ನು ಕಿತ್ತುಹಾಕಿ, 'ಲೆಕ್ಕ: ದಾಸ, ಬಾಡ' ಎಂದು ಬರೆದು ಕಳಿಸಿದಳು. ಭಾಸ್ಕರ ಬೇರೆ ದಾರಿಯಿಲ್ಲದೆ ಒಪ್ಪಿದ.

ಮುಂದಿನ ಷಷ್ಠಿಯ ದಿನ ದೋಣಿಯ ಲೋಕೇಶ ಅವಳ ತಂತ್ರಾಂಶ ಹಾಕಿಕೊಂಡ ಫೋನು ಹಿಡಿದುಕೊಂಡು ಅಂಗಳಕ್ಕೆ ಬಂದ. "ದಾಸಣ್ಣ, ಇದರಲ್ಲಿ ಮೂರೂವರೆ ಅಂತದೆ. ಹೌದಾ?"

ದಾಸ ಕಣ್ಣು ಮುಚ್ಚಿ ಬಹಳ ಹೊತ್ತು ಗಾಳಿ ಮೂಸಿದ. "ಹತ್ತು ನಿಮಿಷ ಕೂಡ್ಸು."

ನಾಟಕ ನೋಡು ಎಂದುಕೊಳ್ಳುತ್ತ ಸೌಜನ್ಯಾ ಒಳಗೆ ಹೋಗಿ, ಕಿತ್ತುಹಾಕಿದ್ದ ಆ ಹಳೆಯ ಫೈಲನ್ನು ಓಡಿಸಿ ನೋಡಿದಳು. ಮೂರು ನಲವತ್ತು.

ಈ ಸುದ್ದಿಯನ್ನು ಅವಳು ಭಾಸ್ಕರನಿಗೆ ಇವತ್ತಿಗೂ ಹೇಳಿಲ್ಲ.